‘ಈ ಸಿನಿಮಾ ನಿಮ್ಮ ದೇಶದಲ್ಲಿ ಲಭ್ಯವಿಲ್ಲ’: ದುಡ್ಡು ಕಟ್ಟಿದ ಮೇಲೂ ಯಾಕೆ ಹೀಗೆ?

ಹೋದ ದೀಪಾವಳಿ ಹೊತ್ತಿಗೆ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಣ್ಣ ಗಲಾಟೆ ಆಯಿತು. ನಮ್ಮ ದೊಡ್ಡಮ್ಮನ ಮಗಳು ಜರ್ಮನಿಯಲ್ಲಿ ಕೆಲಸ ಮಾಡುತ್ತಾಳೆ. ಹಬ್ಬಕ್ಕೆ ಊರಿಗೆ ಬರಲು ಆಗದ ಅಕ್ಕ, ತುಮಕೂರಿನಲ್ಲಿರುವ ಅಮ್ಮನ ಜೊತೆ ಒಂದೇ ಹೊತ್ತಿಗೆ ಒಂದು ಕನ್ನಡ ಸಿನಿಮಾ ನೋಡೋಣ ಎಂದು ಹೇಳಿದ್ದಳು. ಅಮ್ಮ ಇಲ್ಲಿ ಟಿವಿಯ ಮುಂದೆ, ಮಗಳು ಅಲ್ಲಿ ಲ್ಯಾಪ್‌ಟಾಪ್ ಮುಂದೆ, ನಡುವೆ ವಿಡಿಯೊ ಕಾಲ್. ದೊಡ್ಡಮ್ಮನ ಟಿವಿಯಲ್ಲಿ ಸಿನಿಮಾ ಶುರುವಾಯಿತು. ಅಕ್ಕನ ಪರದೆಯ ಮೇಲೆ ಮಾತ್ರ ಒಂದು ಸಾಲು ಬಂತು: ಈ ವಿಡಿಯೊ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.

‘ತಿಂಗಳು ತಿಂಗಳು ದುಡ್ಡು ಕಟ್ತಾ ಇದೀನಿ ಕಣೇ, ಅದೇ ಕಂಪನಿ, ಅದೇ ಆ್ಯಪ್. ಅಮ್ಮಂಗೆ ಬರುತ್ತೆ, ನಂಗ್ಯಾಕೆ ಬರಲ್ಲ?’ ಎಂದು ಅಕ್ಕ ನನಗೆ ಮೆಸೇಜ್ ಹಾಕಿದಳು. ನಾನು ಉತ್ತರ ಬರೆಯುವ ಮೊದಲೇ ಚಿಕ್ಕಪ್ಪ ಗ್ರೂಪಿಗೆ ಒಂದು ಫಾರ್ವರ್ಡ್ ತಂದು ಹಾಕಿದರು. ‘ಎಲ್ಲ ದೇಶಗಳಲ್ಲೂ ಎಲ್ಲ ಸಿನಿಮಾ ಉಚಿತ, ಸಂಪೂರ್ಣ ಕಾನೂನುಬದ್ಧ’ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಒಂದು ಎಪಿಕೆ ಫೈಲ್. ಅಕ್ಕ ಅದನ್ನು ಮುಟ್ಟಲಿಲ್ಲ. ಆದರೆ ಮಗಳಿಗೆ ಸಹಾಯ ಮಾಡಲು ಹೋದ ದೊಡ್ಡಮ್ಮ ತಮ್ಮ ಫೋನಿಗೇ ಅದನ್ನು ಹಾಕಿಕೊಂಡರು. ಆ ಆ್ಯಪ್ ಮೊದಲು ಕೇಳಿದ್ದು ಸಿನಿಮಾದ ಹೆಸರನ್ನಲ್ಲ, ಎಸ್‌ಎಂಎಸ್ ಓದುವ ಅನುಮತಿಯನ್ನು. ದೊಡ್ಡಮ್ಮನ ಪಿಂಚಣಿ ಬರುವ ಬ್ಯಾಂಕ್ ಖಾತೆಯ ಒಟಿಪಿ ಬರುವುದೂ ಅದೇ ಫೋನಿಗೆ. ಅದೃಷ್ಟಕ್ಕೆ ಬೇಗ ಗೊತ್ತಾಯಿತು. ಆ್ಯಪ್ ತೆಗೆದು, ಪಿನ್ ಬದಲಿಸಿ, ಬ್ಯಾಂಕಿಗೆ ತಿಳಿಸಿದೆವು. ದುಡ್ಡು ಹೋಗಲಿಲ್ಲ.

ಅಕ್ಕನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸರಿಯಾದ ಉತ್ತರ ಸಿಗದೆ ಇದ್ದಾಗ ಆ ಜಾಗಕ್ಕೆ ಇಂಥ ಫಾರ್ವರ್ಡ್‌ಗಳು ಬಂದು ಕೂರುತ್ತವೆ. ಹಾಗಾಗಿ ಮೊದಲು ಆ ಪ್ರಶ್ನೆಗೆ ಉತ್ತರ ಹುಡುಕೋಣ, ಆಮೇಲೆ ಫಾರ್ವರ್ಡ್‌ಗಳನ್ನು ಒಂದೊಂದಾಗಿ ನೋಡೋಣ.

ಇದು ಗಾಂಧಿನಗರದ ಹಳೆಯ ಲೆಕ್ಕವೇ

ಬೆಂಗಳೂರಿನ ಗಾಂಧಿನಗರದಲ್ಲಿ ಸಿನಿಮಾ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಗೊತ್ತಿರುವವರಿಗೆ ಈ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಕನ್ನಡ ಸಿನಿಮಾದ ಹಂಚಿಕೆಯನ್ನು ಬಹಳ ಕಾಲದಿಂದ ಏರಿಯಾ ಲೆಕ್ಕದಲ್ಲಿ ಮಾರುತ್ತಾರೆ. ಬೆಂಗಳೂರು-ಕೋಲಾರ-ತುಮಕೂರು ಸೇರಿದ ‘ಬಿಕೆಟಿ’ ಒಂದು ಏರಿಯಾ. ಮೈಸೂರು ಕಡೆಯದು ಇನ್ನೊಂದು, ಹೈದರಾಬಾದ್ ಕರ್ನಾಟಕ ಮತ್ತೊಂದು. ಒಂದು ಏರಿಯಾ ಕೊಂಡ ವಿತರಕರು ಇನ್ನೊಬ್ಬರ ಏರಿಯಾದ ಥಿಯೇಟರಿನಲ್ಲಿ ಸಿನಿಮಾ ಹಾಕುವಂತಿಲ್ಲ. ಹೀಗೆ ಮಾರಿ ಬಂದ ಹಣದಿಂದ ನಿರ್ಮಾಪಕರು ಎಷ್ಟೋ ಸಲ ಬಿಡುಗಡೆಗೆ ಮೊದಲೇ ಸಾಲ ತೀರಿಸಿಕೊಳ್ಳುತ್ತಾರೆ.

ಇಂಟರ್‌ನೆಟ್ ಬಂದ ಮೇಲೂ ಈ ಲೆಕ್ಕ ಹೋಗಲಿಲ್ಲ. ಜಿಲ್ಲೆಗಳ ಜಾಗಕ್ಕೆ ದೇಶಗಳು ಬಂದವು, ಅಷ್ಟೇ. ಭಾರತದ ಡಿಜಿಟಲ್ ಹಕ್ಕು ಒಬ್ಬರಿಗೆ, ಅಮೆರಿಕ ಮತ್ತು ಕೆನಡಾದ್ದು ಇನ್ನೊಬ್ಬರಿಗೆ, ಟಿವಿ ಹಕ್ಕು ಮತ್ತೊಬ್ಬರಿಗೆ. ಭಾಷೆಯ ಲೆಕ್ಕದಲ್ಲೂ ಹೀಗೇ ಹಂಚಿಹೋಗುತ್ತದೆ. ‘ಕಾಂತಾರ’ ನೆನಪಿರಬಹುದು. 2022ರ ನವೆಂಬರ್‌ನಲ್ಲಿ ಅದರ ಕನ್ನಡ ಆವೃತ್ತಿ ಅಮೆಜಾನ್ ಪ್ರೈಮ್ ವಿಡಿಯೊಗೆ ಬಂತು. ಹಿಂದಿ ಆವೃತ್ತಿ ಡಿಸೆಂಬರ್‌ನಲ್ಲಿ ಬಂದದ್ದು ನೆಟ್‌ಫ್ಲಿಕ್ಸ್‌ಗೆ. ಸಿನಿಮಾ ಒಂದೇ, ಹಕ್ಕು ಮಾತ್ರ ಎರಡು ಕಡೆ.

ಇನ್ನೂ ವಿಚಿತ್ರವಾದ ಉದಾಹರಣೆ ಅಕ್ಕ ಇರುವ ಜರ್ಮನಿಯದ್ದೇ. ನೆಟ್‌ಫ್ಲಿಕ್ಸ್‌ಗೆ ದೊಡ್ಡ ಹೆಸರು ತಂದುಕೊಟ್ಟ ಸರಣಿ ‘ಹೌಸ್ ಆಫ್ ಕಾರ್ಡ್ಸ್’. 2014ರಲ್ಲಿ ನೆಟ್‌ಫ್ಲಿಕ್ಸ್ ಜರ್ಮನಿಯಲ್ಲಿ ಶುರುವಾದಾಗ ಅಲ್ಲಿ ಆ ಸರಣಿಯನ್ನು ಮೊದಲು ತೋರಿಸುವ ಹಕ್ಕು ಸ್ಕೈ ಎಂಬ ಪೇ ಟಿವಿ ಕಂಪನಿಯ ಕೈಯಲ್ಲಿತ್ತು. ಹಾಗಾಗಿ ತನ್ನ ಹೆಸರಿನೊಂದಿಗೇ ಗುರುತಿಸಿಕೊಂಡ ಸರಣಿಯ ಹೊಸ ಕಂತುಗಳಿಗಾಗಿ ಸ್ವತಃ ನೆಟ್‌ಫ್ಲಿಕ್ಸ್ ಅಲ್ಲಿ ಕಾಯಬೇಕಾಯಿತು.

ಇದರ ಬೇರು ಕಾನೂನಿನಲ್ಲಿದೆ. ಇಡೀ ಜಗತ್ತಿಗೆ ಅನ್ವಯಿಸುವ ಒಂದೇ ‘ವಿಶ್ವ ಕಾಪಿರೈಟ್’ ಇಲ್ಲ. ಪ್ರತಿ ದೇಶಕ್ಕೂ ತನ್ನದೇ ಕಾಪಿರೈಟ್ ಕಾನೂನು ಇದೆ. 1886ರ ಬರ್ನ್ ಒಪ್ಪಂದದ ಪ್ರಕಾರ ಸದಸ್ಯ ದೇಶಗಳು ಹೊರಗಿನ ಕೃತಿಗಳಿಗೂ ರಕ್ಷಣೆ ಕೊಡುತ್ತವೆ. ಭಾರತ 1928ರಿಂದ ಇದರ ಸದಸ್ಯ. ಆದರೆ ಒಪ್ಪಂದ ಎಲ್ಲ ದೇಶಗಳ ಹಕ್ಕನ್ನು ಒಂದೇ ಗಂಟು ಕಟ್ಟುವುದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಮು ಇದನ್ನು ಚೆನ್ನಾಗಿ ತೋರಿಸುತ್ತದೆ. ಹಕ್ಕು ಬರೆದುಕೊಡುವಾಗ ಅದು ಯಾವ ಪ್ರದೇಶಕ್ಕೆ ಎಂದು ಪತ್ರದಲ್ಲಿ ಹೇಳಿಲ್ಲದಿದ್ದರೆ, ಅದು ಭಾರತಕ್ಕೆ ಮಾತ್ರ ಎಂದು ಭಾವಿಸಬೇಕು. ಅಂದರೆ ‘ಡಿಜಿಟಲ್ ಹಕ್ಕು ಮಾರಿದ್ದೇವೆ’ ಎಂದಷ್ಟೇ ಬರೆದರೆ ಜರ್ಮನಿ ಅದರಲ್ಲಿ ಸೇರುವುದಿಲ್ಲ.

ಅಕ್ಕನ ಪರದೆಯ ಮೇಲೆ ಬಂದ ಆ ಸಾಲಿನ ಅರ್ಥ ಇಷ್ಟೇ: ಆ ಸಿನಿಮಾದ ಜರ್ಮನಿಯ ಹಕ್ಕು ಈ ಕಂಪನಿಯ ಬಳಿ ಇಲ್ಲ. ಅದು ಆ್ಯಪಿನ ದೋಷವಲ್ಲ. ಸರ್ಕಾರ ಹಾಕಿದ ನಿಷೇಧವೂ ಅಲ್ಲ. ಕೆಲವು ಸಿನಿಮಾಗಳನ್ನು ಕೆಲವು ದೇಶಗಳು ಸೆನ್ಸಾರ್ ಕಾರಣಕ್ಕೆ ತಡೆಯುವುದು ಉಂಟು, ಅದು ಬೇರೆ ವಿಷಯ.

ಬೆಲೆಯೂ ಒಂದು ಕಾರಣ

ಹಕ್ಕಿನ ಜೊತೆಗೆ ದರದ ಲೆಕ್ಕವೂ ಇದೆ. ನೆಟ್‌ಫ್ಲಿಕ್ಸ್ ಭಾರತದಲ್ಲಿ 2019ರಲ್ಲಿ ಮೊಬೈಲ್‌ಗೆ ಮಾತ್ರ ಎಂಬ ಯೋಜನೆಯನ್ನು ತಿಂಗಳಿಗೆ 199 ರೂಪಾಯಿಗೆ ತಂದಿತು. 2021ರ ಡಿಸೆಂಬರ್‌ನಲ್ಲಿ ಅದನ್ನು 149ಕ್ಕೆ ಇಳಿಸಿತು. 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಜಾಹೀರಾತು ಸಹಿತವಾದ ಅಗ್ಗದ ಯೋಜನೆ ಬಂದಾಗ ಅದರ ದರವೇ 6.99 ಡಾಲರ್, ಅಂದಿನ ಲೆಕ್ಕದಲ್ಲಿ 550 ರೂಪಾಯಿಗೂ ಹೆಚ್ಚು. ದೇಶಗಳ ನಡುವೆ ಗೋಡೆ ಇಲ್ಲದಿದ್ದರೆ ಅಮೆರಿಕದವರೂ ನಮ್ಮ ದರದಲ್ಲೇ ಕೊಳ್ಳುತ್ತಿದ್ದರು. ಆಗ ಕಂಪನಿ ಅಲ್ಲಿಯ ದರ ಇಳಿಸುವುದಕ್ಕಿಂತ ಇಲ್ಲಿಯ ದರ ಏರಿಸುವ ಸಾಧ್ಯತೆಯೇ ಹೆಚ್ಚು. ನಮ್ಮನ್ನು ಸಿಟ್ಟಿಗೆಬ್ಬಿಸುವ ಗೋಡೆಯೇ ನಮ್ಮ ಕಡೆಯ ದರವನ್ನು ಕೆಳಗೆ ಹಿಡಿದಿಟ್ಟಿದೆ.

ಇದು ಹೊಸ ಉಪಾಯವೂ ಅಲ್ಲ. 1990ರ ದಶಕದ ಕೊನೆಯಲ್ಲಿ ಡಿವಿಡಿ ಬಂದಾಗ ಜಗತ್ತನ್ನು ಆರು ವಲಯಗಳಾಗಿ ಹಂಚಿದ್ದರು. ಅಮೆರಿಕ ಮತ್ತು ಕೆನಡಾ 1, ಪಶ್ಚಿಮ ಯುರೋಪ್ ಮತ್ತು ಜಪಾನ್ 2, ಭಾರತ 5. ವಲಯ 1ರ ಡಿಸ್ಕ್ ವಲಯ 5ರ ಪ್ಲೇಯರ್‌ನಲ್ಲಿ ಓಡುತ್ತಿರಲಿಲ್ಲ. ಇವತ್ತು ಡಿಸ್ಕ್ ಹೋಗಿದೆ, ವಲಯ ಉಳಿದಿದೆ.

ನೀವು ಎಲ್ಲಿದ್ದೀರಿ ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ?

ಲ್ಯಾಂಡ್‌ಲೈನ್ ಕಾಲದ ಎಸ್‌ಟಿಡಿ ಕೋಡ್ ನೆನಪಿಸಿಕೊಳ್ಳಿ. 080 ಅಂದರೆ ಬೆಂಗಳೂರು, 0821 ಅಂದರೆ ಮೈಸೂರು. ಇಂಟರ್‌ನೆಟ್‌ಗೆ ಸೇರುವ ಪ್ರತಿ ಸಂಪರ್ಕಕ್ಕೂ ಅಂಥದ್ದೇ ಒಂದು ಸಂಖ್ಯೆ ಇರುತ್ತದೆ, ಅದೇ ಐಪಿ ವಿಳಾಸ. ಈ ಸಂಖ್ಯೆಗಳನ್ನು ಜಗತ್ತಿನ ಐದು ಪ್ರಾದೇಶಿಕ ಸಂಸ್ಥೆಗಳು ಕಂತೆ ಕಂತೆಯಾಗಿ ಇಂಟರ್‌ನೆಟ್ ಕಂಪನಿಗಳಿಗೆ ಹಂಚುತ್ತವೆ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಎಪಿನಿಕ್ ಎಂಬ ಸಂಸ್ಥೆ ಇದೆ. ಯಾವ ಕಂತೆ ಯಾವ ದೇಶದ್ದು ಎಂಬ ಪಟ್ಟಿಯನ್ನು ಸಿನಿಮಾ ಕಂಪನಿಗಳು ಇಟ್ಟುಕೊಂಡಿರುತ್ತವೆ. ನೀವು ಪ್ಲೇ ಒತ್ತಿದ ಕೂಡಲೇ ಆ ಪಟ್ಟಿ ನೋಡುತ್ತವೆ. ಇದರ ಜೊತೆಗೆ ಕಾರ್ಡ್ ಯಾವ ದೇಶದ್ದು, ಆ್ಯಪ್ ಸ್ಟೋರ್ ಖಾತೆ ಯಾವ ದೇಶದ್ದು, ಮೊಬೈಲ್ ಸಂಖ್ಯೆ +91 ಹೌದೋ ಅಲ್ಲವೋ ಎಂಬುದನ್ನೂ ಕೆಲವು ಕಂಪನಿಗಳು ಗಮನಿಸುತ್ತವೆ.

ಇನ್ನು ಫಾರ್ವರ್ಡ್‌ಗಳಿಗೆ ಬರೋಣ.

ಫಾರ್ವರ್ಡ್ 1: ‘ಲೊಕೇಶನ್ ಆಫ್ ಮಾಡಿ ಅಥವಾ ಇನ್‌ಕಾಗ್ನಿಟೊದಲ್ಲಿ ನೋಡಿದರೆ ಎಲ್ಲ ಸಿನಿಮಾ ಬರುತ್ತದೆ’

ಸುಳ್ಳು. ಲೊಕೇಶನ್ ಆಫ್ ಮಾಡಿದರೆ ನಿಲ್ಲುವುದು ಜಿಪಿಎಸ್ ಮಾಹಿತಿ. ಐಪಿ ವಿಳಾಸ ಹಾಗೇ ಇರುತ್ತದೆ. ಇನ್‌ಕಾಗ್ನಿಟೊ ಮಾಡುವುದು ನಿಮ್ಮ ಫೋನಿನಲ್ಲಿ ಹಿಸ್ಟರಿ ಉಳಿಯದಂತೆ ನೋಡಿಕೊಳ್ಳುವ ಕೆಲಸವನ್ನು ಮಾತ್ರ. ಎದುರಿನ ಕಂಪನಿಗೆ ನಿಮ್ಮ ದೇಶ ಕಾಣುತ್ತಲೇ ಇರುತ್ತದೆ.

ಫಾರ್ವರ್ಡ್ 2: ‘ವಿಪಿಎನ್ ಹಾಕಿದರೆ ಜೈಲು’ ಮತ್ತು ‘ವಿಪಿಎನ್ ಹಾಕಿದರೆ ಎಲ್ಲ ಕಾನೂನುಬದ್ಧ’

ಎರಡೂ ತಪ್ಪು. ಭಾರತದಲ್ಲಿ ವಿಪಿಎನ್ ಬಳಸುವುದೇ ಅಪರಾಧ ಎನ್ನುವ ಕಾನೂನು ಇಲ್ಲ. ಮನೆಯಿಂದ ಕೆಲಸ ಮಾಡುವ ಸಾವಿರಾರು ಜನ ದಿನವೂ ಆಫೀಸಿನ ವಿಪಿಎನ್ ಬಳಸುತ್ತಾರೆ. 2022ರ ಏಪ್ರಿಲ್‌ನಲ್ಲಿ ಸರ್ಕಾರದ ಸರ್ಟ್-ಇನ್ ಸಂಸ್ಥೆ ಒಂದು ನಿರ್ದೇಶನ ಹೊರಡಿಸಿ, ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದಿತು. ಅದನ್ನು ಒಪ್ಪದ ಕೆಲವು ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಅದನ್ನೇ ಹಲವರು ‘ವಿಪಿಎನ್ ಬ್ಯಾನ್’ ಎಂದು ಹಂಚಿಕೊಂಡರು.

ಹಾಗೆಂದು ವಿಪಿಎನ್ ಹಾಕಿದ ಮಾತ್ರಕ್ಕೆ ಇಲ್ಲದ ಹಕ್ಕು ಬರುವುದಿಲ್ಲ. ನಾವು ಓದದೆ ‘ಒಪ್ಪಿದ್ದೇನೆ’ ಒತ್ತುವ ಷರತ್ತುಗಳಲ್ಲಿ ದೇಶ ಮರೆಮಾಚಬಾರದು ಎಂದು ಬಹುತೇಕ ಸಿನಿಮಾ ಕಂಪನಿಗಳು ಬರೆದಿರುತ್ತವೆ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತವೂ ಸೇರಿ 130 ದೇಶಗಳಲ್ಲಿ ಒಂದೇ ದಿನ ಶುರುವಾಯಿತು. ಅದಾದ ಕೆಲವೇ ದಿನಗಳಲ್ಲಿ ಇಂಥ ಸಂಪರ್ಕಗಳನ್ನು ತಡೆಯುವುದಾಗಿ ಪ್ರಕಟಿಸಿತು. ಇನ್ನು ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಕೃತಿಯ ತಾಂತ್ರಿಕ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

ದುಬೈ, ಅಬುಧಾಬಿಯಲ್ಲಿರುವ ಮಂಗಳೂರು, ಉಡುಪಿ, ಭಟ್ಕಳ ಕಡೆಯವರಿಗೆ ಒಂದು ಮಾತು. ಯುಎಇ ಕಾನೂನು ಇನ್ನೂ ಬಿಗಿ. ಅಪರಾಧ ಎಸಗಲು ಅಥವಾ ಅದನ್ನು ಮುಚ್ಚಿಡಲು ಐಪಿ ವಿಳಾಸ ಮರೆಮಾಚಿದರೆ ಅಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಾಮ್‌ವರೆಗೆ ದಂಡವಿದೆ. ಊರಿನ ಗ್ರೂಪಿನಿಂದ ಬಂದ ಸಲಹೆಯನ್ನು ಅಲ್ಲಿ ಕಣ್ಣು ಮುಚ್ಚಿ ಪಾಲಿಸಬೇಡಿ.

ಫಾರ್ವರ್ಡ್ 3: ‘ಬ್ಲಾಕ್ ಆದ ವೆಬ್‌ಸೈಟ್ ತೆರೆದರೆ 3 ವರ್ಷ ಜೈಲು, 3 ಲಕ್ಷ ದಂಡ’

ಇದು 2016ರ ಆಗಸ್ಟ್‌ನಲ್ಲಿ ಶುರುವಾದದ್ದು, ಈಗಲೂ ಆಗಾಗ ಬರುತ್ತದೆ. ತಡೆಹಿಡಿದ ವೆಬ್‌ಸೈಟ್‌ಗಳ ಜಾಗದಲ್ಲಿ ಆಗ ಒಂದು ಎಚ್ಚರಿಕೆ ಕಾಣುತ್ತಿತ್ತು. ಅದನ್ನು ಓದಿದರೆ ನೋಡುವುದೂ ಅಪರಾಧ ಎನ್ನುವಂತಿತ್ತು. ಬಾಂಬೆ ಹೈಕೋರ್ಟ್ ಅದೇ ತಿಂಗಳು ಇದನ್ನು ಸರಿಪಡಿಸಿತು. ಅಪರಾಧ ಇರುವುದು ಕೇವಲ ನೋಡುವುದರಲ್ಲಲ್ಲ, ಅನುಮತಿ ಇಲ್ಲದೆ ಹಂಚುವುದರಲ್ಲಿ, ಸಾರ್ವಜನಿಕವಾಗಿ ಪ್ರದರ್ಶಿಸುವುದರಲ್ಲಿ, ಮಾರುವುದರಲ್ಲಿ ಅಥವಾ ಬಾಡಿಗೆಗೆ ಕೊಡುವುದರಲ್ಲಿ ಎಂದು ನ್ಯಾಯಮೂರ್ತಿ ಗೌತಮ್ ಪಟೇಲ್ ಸ್ಪಷ್ಟಪಡಿಸಿದರು.

ಇಲ್ಲಿ ನಾವು ಗಮನಿಸಬೇಕಾದ ಪದ ‘ಹಂಚುವುದು’. ಲಿಂಕ್ ತೆರೆದು ನೋಡಿದವರಿಗಿಂತ ಸಿನಿಮಾದ ಫೈಲನ್ನು ಇನ್ನೂರು ಜನರ ಗ್ರೂಪಿಗೆ ಹಾಕಿದವರಿಗೆ ಅಪಾಯ ಹೆಚ್ಚು. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೊಗ್ರಾಫ್ ಕಾಯ್ದೆಯ ಪ್ರಕಾರ, ಥಿಯೇಟರಿನಲ್ಲಿ ಕದ್ದು ಚಿತ್ರೀಕರಿಸಿದವರಿಗೆ ಮತ್ತು ಅಂಥ ಪ್ರತಿಯನ್ನು ಲಾಭಕ್ಕಾಗಿ ಸಾರ್ವಜನಿಕವಾಗಿ ಪ್ರದರ್ಶಿಸಿದವರಿಗೆ ಕನಿಷ್ಠ ಮೂರು ತಿಂಗಳಿಂದ ಮೂರು ವರ್ಷದವರೆಗೆ ಶಿಕ್ಷೆ, ಕನಿಷ್ಠ 3 ಲಕ್ಷ ರೂಪಾಯಿ ದಂಡ. ದಂಡ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೂ ಹೋಗಬಹುದು.

ಜರ್ಮನಿಯಲ್ಲಿ ಓದುವ ನಮ್ಮ ಹುಡುಗರು ಟೊರೆಂಟ್ ಬಗ್ಗೆ ಎಚ್ಚರ ಹೇಳುವುದೂ ಇದೇ ಕಾರಣಕ್ಕೆ. ಟೊರೆಂಟ್‌ನಲ್ಲಿ ಸಿನಿಮಾ ಇಳಿಸಿಕೊಳ್ಳುವಾಗಲೇ ನಿಮ್ಮ ಕಂಪ್ಯೂಟರ್ ಅದರ ತುಣುಕುಗಳನ್ನು ಬೇರೆಯವರಿಗೆ ಕಳಿಸುತ್ತಿರುತ್ತದೆ. ನಿಮಗೆ ಗೊತ್ತಿಲ್ಲದೆ ನೀವೂ ಹಂಚುವವರೇ ಆಗಿರುತ್ತೀರಿ. ಅಲ್ಲಿ ವಕೀಲರು ಐಪಿ ವಿಳಾಸ ಹಿಡಿದು ಮನೆಗೆ ನೋಟಿಸ್ ಕಳಿಸುತ್ತಾರೆ, ನೂರಾರು ಯೂರೊ ಕೇಳುತ್ತಾರೆ.

ಫಾರ್ವರ್ಡ್ 4: ‘ಕೊಂಡ ಸಿನಿಮಾ ಜೀವನಪೂರ್ತಿ ನಮ್ಮದು’

ಅರ್ಧ ನಿಜ. 2018ರಲ್ಲಿ ಆಸ್ಟ್ರೇಲಿಯಾದಿಂದ ಕೆನಡಾಕ್ಕೆ ಹೋದ ಒಬ್ಬರು, ಐಟ್ಯೂನ್ಸ್‌ನಲ್ಲಿ ತಾವು ಕೊಂಡಿದ್ದ ಸಿನಿಮಾಗಳು ಕಾಣುತ್ತಿಲ್ಲ ಎಂದು ಟ್ವಿಟರ್‌ನಲ್ಲಿ ಬರೆದದ್ದು ಜಗತ್ತೆಲ್ಲ ಸುದ್ದಿಯಾಯಿತು. ‘ಆಪಲ್ ಸಿನಿಮಾ ಅಳಿಸಿತು’ ಎಂದು ಅದು ಹರಡಿತು. ನಿಜ ಸಂಗತಿ ಎಂದರೆ ಖಾತೆಯ ದೇಶ ಬದಲಾಗಿತ್ತು. ಫೋನಿಗೋ ಕಂಪ್ಯೂಟರಿಗೋ ಆಗಲೇ ಇಳಿಸಿಕೊಂಡ ಪ್ರತಿ ಉಳಿಯುತ್ತದೆ. ಆದರೆ ಹೊಸ ದೇಶದಲ್ಲಿ ಆ ಸಿನಿಮಾದ ಹಕ್ಕು ಬೇರೆ ಇದ್ದರೆ ಮತ್ತೆ ಇಳಿಸಿಕೊಳ್ಳಲು ಆಗದೆ ಹೋಗಬಹುದು.

ಅಂದರೆ ಆನ್‌ಲೈನಿನಲ್ಲಿ ‘ಖರೀದಿಸಿ’ ಎಂಬ ಬಟನ್ ಒತ್ತಿದಾಗ ನಮಗೆ ಸಿಗುವುದು ಸಿನಿಮಾ ಅಲ್ಲ, ನೋಡುವ ಪರವಾನಗಿ. ಅಂಗಡಿಯಲ್ಲಿ ಕೊಂಡ ಪುಸ್ತಕದಂತೆ ಅದನ್ನು ಎತ್ತಿಕೊಂಡು ಊರೂರು ತಿರುಗಲು ಆಗುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿಯಿಂದ ಜಾರಿಗೆ ತಂದ ಕಾನೂನು, ಇದು ಪರವಾನಗಿ ಮಾತ್ರ ಎಂದು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಲೇಬೇಕು ಎನ್ನುತ್ತದೆ. ಇಂಥ ನಿಯಮ ನಮ್ಮಲ್ಲೂ ಬಂದರೆ ಒಳ್ಳೆಯದು.

ಫಾರ್ವರ್ಡ್ 5: ‘ಈ ಎಪಿಕೆ ಹಾಕಿಕೊಳ್ಳಿ, ಎಲ್ಲ ದೇಶದಲ್ಲೂ ಉಚಿತ’

ಎಲ್ಲಕ್ಕಿಂತ ಅಪಾಯಕಾರಿ ಫಾರ್ವರ್ಡ್ ಇದು. ಇಷ್ಟು ಹೊತ್ತು ಓದಿದ ಮೇಲೆ ನಿಮಗೇ ಗೊತ್ತಾಗುತ್ತದೆ. ಕೋಟಿಗಟ್ಟಲೆ ಕೊಟ್ಟ ದೊಡ್ಡ ಕಂಪನಿಗಳಿಗೇ ಎಲ್ಲ ದೇಶದ ಹಕ್ಕು ಸಿಗುವುದಿಲ್ಲ. ಹಾಗಿರುವಾಗ ಹೆಸರಿಲ್ಲದ ಒಂದು ಆ್ಯಪ್ ಎಲ್ಲ ಸಿನಿಮಾವನ್ನೂ ಎಲ್ಲ ದೇಶಕ್ಕೂ ಕಾನೂನುಬದ್ಧವಾಗಿ, ಅದೂ ಉಚಿತವಾಗಿ ಕೊಡುವುದು ಹೇಗೆ? ಕೊಡುತ್ತಿದ್ದರೆ ಅದು ಕದ್ದ ಮಾಲು, ಇಲ್ಲವೇ ಬಲೆ. ಪ್ಲೇ ಸ್ಟೋರ್ ಹೊರಗಿನಿಂದ ಬಂದ ಸಿನಿಮಾ ಆ್ಯಪ್ ಎಸ್‌ಎಂಎಸ್ ಅಥವಾ ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಅದಕ್ಕೆ ಬೇಕಿರುವುದು ನಿಮ್ಮ ಒಟಿಪಿ, ನಿಮ್ಮ ಮನರಂಜನೆ ಅಲ್ಲ. ಆಗಲೇ ಹಾಕಿಕೊಂಡು ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಹಾಗಾದರೆ ಅಕ್ಕನದು ತಪ್ಪೇ?

ಅಲ್ಲ. ಏರಿಯಾ ಲೆಕ್ಕದಲ್ಲಿ ಮಾರುವುದಕ್ಕೆ ಕಾರಣ ಇದೆ ಎಂದ ಮಾತ್ರಕ್ಕೆ ಅದು ಎಲ್ಲರಿಗೂ ನ್ಯಾಯವಾಗಿದೆ ಎಂದಲ್ಲ. ದೊಡ್ಡ ಸಿನಿಮಾಗಳಿಗೆ ಹೊರದೇಶದ ಹಕ್ಕು ಕೊಳ್ಳುವವರು ಸಿಗುತ್ತಾರೆ. ಸಣ್ಣ ಬಜೆಟ್ಟಿನ ಕನ್ನಡ ಸಿನಿಮಾಗೆ ಎಷ್ಟೋ ಸಲ ಯಾರೂ ಸಿಗುವುದಿಲ್ಲ. ಆಗ ಜರ್ಮನಿಯ ಹಕ್ಕು ಯಾರ ಬಳಿಯೂ ಇಲ್ಲದೆ ಸುಮ್ಮನೆ ಬಿದ್ದಿರುತ್ತದೆ. ದುಡ್ಡು ಕೊಡಲು ತಯಾರಿರುವ ನೋಡುಗರು ಒಂದು ಕಡೆ, ದುಡ್ಡು ಬೇಕಿರುವ ನಿರ್ಮಾಪಕರು ಇನ್ನೊಂದು ಕಡೆ, ನಡುವೆ ಅಂಗಡಿಯೇ ಇಲ್ಲ. ಕಳ್ಳ ಪ್ರತಿ ಬೆಳೆಯುವುದು ಇಂಥ ಖಾಲಿ ಜಾಗದಲ್ಲಿ.

ಇದನ್ನು ಬದಲಿಸಲು ಯುರೋಪಿನಲ್ಲಿ ಪ್ರಯತ್ನ ನಡೆದಿದೆ. 2018ರ ಏಪ್ರಿಲ್ 1ರಿಂದ, ಯುರೋಪಿಯನ್ ಒಕ್ಕೂಟದ ಒಂದು ದೇಶದಲ್ಲಿ ಚಂದಾ ಕಟ್ಟಿದವರು ಇನ್ನೊಂದು ಸದಸ್ಯ ದೇಶಕ್ಕೆ ಸ್ವಲ್ಪ ದಿನಕ್ಕೆ ಹೋದಾಗ ತಮ್ಮ ಮನೆಯ ಪಟ್ಟಿಯನ್ನೇ ನೋಡಬಹುದು. ಜರ್ಮನಿಯಲ್ಲಿ ಚಂದಾದಾರಳಾದ ಅಕ್ಕ ಪ್ಯಾರಿಸ್‌ಗೆ ಪ್ರವಾಸ ಹೋದರೂ ಜರ್ಮನಿಯ ಪಟ್ಟಿ ಸಿಗುತ್ತದೆ. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಆನ್‌ಲೈನ್ ವ್ಯಾಪಾರದ ಗಡಿ ಗೋಡೆಗಳನ್ನು ತೆಗೆಯುವ ಇನ್ನೊಂದು ನಿಯಮ ಜಾರಿಯಾದಾಗ ಸಿನಿಮಾವನ್ನು ಅದರಿಂದ ಹೊರಗಿಟ್ಟರು. ದೇಶ ದೇಶಕ್ಕೆ ಮುಂಚಿತವಾಗಿ ಹಕ್ಕು ಮಾರಿಯೇ ತಮ್ಮ ಸಿನಿಮಾಗಳಿಗೆ ಬಂಡವಾಳ ಬರುವುದು ಎಂದು ಅಲ್ಲಿಯ ಚಿತ್ರೋದ್ಯಮದವರೇ ವಾದಿಸಿದ್ದರು.

ನೇರ ದಾರಿಗಳು

- ಒಂದು ಆ್ಯಪಿನಲ್ಲಿ ಇಲ್ಲ ಎಂದರೆ ಆ ದೇಶದಲ್ಲೇ ಇಲ್ಲ ಎಂದಲ್ಲ. ಜಸ್ಟ್‌ವಾಚ್‌ನಂಥ ತಾಣದಲ್ಲಿ ದೇಶ ಆರಿಸಿ ಸಿನಿಮಾದ ಹೆಸರು ಹಾಕಿದರೆ ಯಾವ ಸೇವೆಯಲ್ಲಿದೆ ಎಂದು ತೋರಿಸುತ್ತದೆ.
- ಚಂದಾದಲ್ಲಿ ಇಲ್ಲದ್ದು ಬಾಡಿಗೆಗೆ ಇರಬಹುದು. ಯೂಟ್ಯೂಬ್ ಮತ್ತು ಆಪಲ್‌ನ ಬಾಡಿಗೆ ಪಟ್ಟಿಗಳನ್ನೂ ನೋಡಿ. ಹಳೆಯ ಕನ್ನಡ ಸಿನಿಮಾಗಳನ್ನು ಹಕ್ಕುದಾರರೇ ತಮ್ಮ ಅಧಿಕೃತ ಯೂಟ್ಯೂಬ್ ಚಾನೆಲ್‌ಗಳಲ್ಲಿ ಹಾಕಿರುವುದುಂಟು.
- ವಿದೇಶಕ್ಕೆ ನೆಲೆಸಲು ಹೋಗುವವರು ಖಾತೆಯ ದೇಶ ಬದಲಿಸುವ ಮೊದಲು, ಕೊಂಡ ಸಿನಿಮಾಗಳನ್ನು ಇಳಿಸಿಕೊಳ್ಳಿ.
- ಚಂದಾದ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿದ್ದಕ್ಕೆ ಅವಧಿ ಇರುತ್ತದೆ. ಗಡಿ ದಾಟಿದ ಮೇಲೆ ಕೆಲವು ಓಡದಿರಲೂಬಹುದು. ವಿಮಾನದಲ್ಲೇ ನೋಡಿ ಮುಗಿಸುವುದು ವಾಸಿ.
- ಸಿಗದೇ ಹೋದರೆ ನಿರ್ಮಾಣ ಸಂಸ್ಥೆಗೆ ಅಥವಾ ಆ್ಯಪ್ ಕಂಪನಿಗೆ ಬರೆದು ಕೇಳಿ. ಆ ದೇಶದಲ್ಲಿ ನೋಡುವವರಿದ್ದಾರೆ ಎಂದು ಅವರಿಗೆ ತಿಳಿಯುವುದು ಹೀಗೆಯೇ.

ನಮ್ಮ ಮನೆಯ ಕಥೆ ಏನಾಯಿತು ಅಂದರೆ, ಆ ಸಿನಿಮಾ ಜರ್ಮನಿಯಲ್ಲಿ ಎಲ್ಲೂ ಸಿಗಲಿಲ್ಲ. ಎರಡೂ ದೇಶದಲ್ಲಿ ಇರುವ ಬೇರೆ ಕನ್ನಡ ಸಿನಿಮಾ ಹುಡುಕಿ ಅಮ್ಮ ಮಗಳು ಅದನ್ನೇ ನೋಡಿದರು. ಚಿಕ್ಕಪ್ಪ ಗ್ರೂಪಿನಲ್ಲಿ ಹಾಕಿದ್ದ ಫೈಲನ್ನು ಅಳಿಸಿ, ‘ಯಾರಾದ್ರೂ ಹಾಕ್ಕೊಂಡಿದ್ರೆ ತೆಗೀರಪ್ಪ’ ಎಂದು ತಾವೇ ಬರೆದರು. ಅದೇ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿದ್ದರೆ, ಅದರ ಕೆಳಗೆ ನೀವೂ ಆ ಒಂದು ಸಾಲು ಬರೆದುಬಿಡಿ.